ಬದನೆ ಪಾತಿಯ ಬಿಳಿ ಕೊಡೆ

ಮಾದನಾಯಕನಹಳ್ಳಿ
12 ಜುಲೈ 2024

ಮಂಜುಶ್ರೀಗೆ,

ಮೊದಲೆಲ್ಲ ನಿನ್ನ ಹೆಸರಿನ ಹಿಂದೆ ‘ಚಿ. ಸೌ.’ ಎಂದು ಬರೆಯುತ್ತಿದ್ದೆ. ಈಗ ಅದರ ಅರ್ಧವನ್ನು ಬರೆಯಲಾಗದು. ಉಳಿದ ಅರ್ಧವನ್ನಷ್ಟೇ ಬರೆದರೆ ಬಿಟ್ಟದ್ದು ಎದ್ದು ಕಾಣುತ್ತದೆ. ಆದ್ದರಿಂದ ಎರಡನ್ನೂ ಬಿಟ್ಟಿದ್ದೇನೆ. ಇದರಲ್ಲಿ ಬೇರೆ ಅರ್ಥ ಹುಡುಕಬೇಡ.

ಮುತ್ತು ತೀರಿಕೊಂಡು ಇಪ್ಪತ್ತು ತಿಂಗಳಾದವು; ನೀನು ಈ ಮನೆ ಬಿಟ್ಟು ಬ್ರೂಕ್‌ಫೀಲ್ಡಿನ ಪಿ.ಜಿ. ಸೇರಿ ಹತ್ತೊಂಬತ್ತು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಸೊಸೆ ಮಾವನ ಫೋನ್ ಎತ್ತಲೇಬೇಕೆಂಬ ನಿಯಮವೇನಿಲ್ಲ. ಪತ್ರವಾದರೆ ನಿನಗೆ ಬೇಕೆನಿಸಿದಾಗ ಒಡೆಯಬಹುದು.

ವಿಷಯಕ್ಕೆ ಬರುತ್ತೇನೆ. ಹಿತ್ತಲಲ್ಲಿ ನೀವಿಬ್ಬರೂ ಮಾಡಿಟ್ಟ ನಾಲ್ಕು ಪಾತಿಗಳಲ್ಲಿ ಬದನೆ ಗಿಡಗಳಿರುವ ಎರಡನೆಯದರಲ್ಲಿ, ಸೋಮವಾರದ ಮಳೆಯ ನಂತರ, ಬಿಳಿ ಅಣಬೆಗಳು ಎದ್ದಿವೆ. ಎಣಿಸಿದೆ: ಹನ್ನೊಂದು. ನಿವೃತ್ತನಾದಾಗ ತಂದ ವರ್ನಿಯರ್ ಇನ್ನೂ ಇದೆ, ಅಳೆದೆ. ಅತಿ ದೊಡ್ಡದರ ಕೊಡೆ ನೂರ ನಲವತ್ತೆರಡು ಮಿಲಿಮೀಟರ್ ಅಗಲ. ನೆತ್ತಿಯಲ್ಲಿ ಕಂದು ಹಕ್ಕಳೆ, ಕಾಂಡದ ಮೇಲೆ ಬಳೆಯಂಥ ಒಂದು ಪಟ್ಟಿ. ಮೂವತ್ತೊಂದು ವರ್ಷ ಪೀಣ್ಯದ ಕಾರ್ಖಾನೆಯಲ್ಲಿ ಗೇರ್ ಚಕ್ರಗಳನ್ನು ತಪಾಸಣೆ ಮಾಡಿ ಪಾಸು, ರಿಜೆಕ್ಟು ಎಂದು ಮುದ್ರೆ ಒತ್ತಿದವನು ನಾನು. ಎಲ್ಲ ಅಳತೆಗಳೂ ಕೈಯಲ್ಲಿದ್ದು ವಸ್ತು ಯಾವುದೆಂದು ಹೇಳಲಾಗದ ಸ್ಥಿತಿ ಇದೇ ಮೊದಲು.

ಕೇವಲ ಕುತೂಹಲವಾಗಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ. ಮನೆಯ ಹಿಂದಿನ ಬಾಡಿಗೆ ಕೋಣೆಗೆ ಯಾದಗಿರಿ ಕಡೆಯ ಯಂಕಪ್ಪ, ಮಲಕವ್ವ ಎಂಬ ದಂಪತಿ ಬಂದಿದ್ದಾರೆ. ಇಲ್ಲಿ ಗೋದಾಮು ಕಟ್ಟುವ ಕಡೆ ಇಬ್ಬರಿಗೂ ಕೆಲಸ. ಆಕೆ ಅಣಬೆಗಳನ್ನು ಕಂಡು ಪಾತಿಯ ಪಕ್ಕದಲ್ಲೇ ಕುಳಿತುಬಿಟ್ಟಳು.

“ಸಾಹುಕಾರ್ರ, ಇವು ಹುತ್ತಿನ ಅಣಬಿ ಅದಾವ್ರಿ. ನಮ್ಮ ಕಡಿ ಮಳಿ ಬಿದ್ದ ಮರುದಿನಾನೇ ಹೊಲದಾಗ ಏಳ್ತಾವ. ಒಂದ್ ಸಲ ಪಲ್ಯ ಮಾಡಿ ಕೊಡ್ತೀನಿ, ಮಟನ್ ಬ್ಯಾಡ ಅಂತೀರಿ.”

“ಅಕಿ ಮಾತು ಕೇಳಬ್ಯಾಡ್ರಿ,” ಎಂದ ಯಂಕಪ್ಪ. “ಬೆಂಗಳೂರಾಗ ಏನ್ ಕಂಡ್ರೂ ಅಕಿಗಿ ನಮ್ಮೂರಿಂದೇ ಅನಸ್ತದ. ಮೊನ್ನಿ ಮೆಟ್ರೋ ಕಂಬಾ ನೋಡಿ, ನಮ್ಮೂರ ಅಗಸಿ ಬಾಗಿಲಾ ಇದ್ದಂಗ ಅದ ಅಂದಾಳ.”

“ನೀ ಸುಮ್ನಿರು. ಸಾಹುಕಾರ್ರು ಓದಿದೋರು, ಅವರು ಹೇಳ್ಲಿ.”

ಕಾಯಲು ಹೇಳಿದ್ದೇನೆ. ನೀನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ದಿನವಿಡೀ ಬೂಷ್ಟು ನೋಡುವವಳು. ಇದು ಯಾವುದೆಂದು ನಿರ್ಧರಿಸುವ ಕ್ರಮವನ್ನು ತಿಳಿಸಿದರೆ ಸಾಕು.

ಇತಿ,
ಹನುಮಂತಯ್ಯ


ಬ್ರೂಕ್‌ಫೀಲ್ಡ್
18 ಜುಲೈ 2024

ಮಾವನವರಿಗೆ ನಮಸ್ಕಾರ.

ನಾನು ನೋಡುವುದು ಮೆಣಸಿನಪುಡಿಯ ಬೂಷ್ಟು. ಅಣಬೆಯನ್ನು ಓದಿದ್ದು ಎಂ.ಎಸ್ಸಿಯಲ್ಲಿ, ಅದೂ ಸ್ವಲ್ಪವೇ. ಆದರೂ ಮೂರು ವಿಷಯ ಹೇಳಬಲ್ಲೆ.

ಕಾಂಡದ ಮೇಲಿನ ಬಳೆ ಬೆರಳಿಗೆ ಸಿಕ್ಕಿ ಮೇಲೆ ಕೆಳಗೆ ಸರಿಯುತ್ತದೆಯೇ ನೋಡಿ. ಆಮೇಲೆ, ಚೆನ್ನಾಗಿ ಅರಳಿದ ಒಂದು ಕೊಡೆಯ ಕಾಂಡ ತೆಗೆದು, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕವುಚಿ ಇಡಿ. ಮೇಲೆ ಬಟ್ಟಲು ಮುಚ್ಚಿ. ಒಂದು ದಿನ ಪೂರ್ತಿ ಹಾಗೇ ಇರಲಿ. ಕೊಡೆಯ ಅಡಿಯ ಪದರಗಳ ಸಂದಿಯಿಂದ ಪುಡಿ ಉದುರಿ ಕಾಗದದ ಮೇಲೆ ಚಿತ್ರ ಬೀಳುತ್ತದೆ. ಆ ಪುಡಿಯ ಬಣ್ಣ ಮುಖ್ಯ. ಫೋನಿನ ಫೋಟೋದಲ್ಲಿ ಬಣ್ಣ ನಂಬುವ ಹಾಗಿಲ್ಲ, ಕಾಗದವನ್ನೇ ಕಳಿಸಿ.

ಮೂರನೆಯದು: ಒಂದು ಅಣಬೆಯನ್ನು ಬುಡ ಸಮೇತ ಅಗೆದು ತೆಗೆಯಿರಿ. ಕೀಳಬೇಡಿ, ಅಗೆಯಿರಿ. ಹುತ್ತದ ಅಣಬೆಗೆ ಬೇರಿನಂಥ ಉದ್ದನೆಯ ಬಾಲ ಇರುತ್ತದೆ, ನೆಲದೊಳಗಿನ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ. ಅದಿಲ್ಲದಿದ್ದರೆ ಅದು ಬೇರೆ ಏನೋ.

ಅಲ್ಲಿಯವರೆಗೂ ಯಾರಿಗೂ ತಿನ್ನಬಹುದು ಎಂದು ಹೇಳಬೇಡಿ. ನೀವು ಹೇಳಿದರೆ ಜನ ಒಪ್ಪಿಬಿಡುತ್ತಾರೆ. ನನಗೆ ಗೊತ್ತು.

ಮಂಜುಶ್ರೀ


ಮಾದನಾಯಕನಹಳ್ಳಿ
27 ಜುಲೈ 2024

ಮಂಜುಶ್ರೀಗೆ,

ನಿನ್ನ ಕ್ರಮವನ್ನು ಅನುಸರಿಸಿದ್ದೇನೆ. ಬಳೆ ಸರಿಯುತ್ತದೆ. ಮನೆಯಲ್ಲಿ ಕಪ್ಪು ಕಾಗದವಿರಲಿಲ್ಲ. ಅದಕ್ಕಾಗಿ ಅಂಗಡಿಗೆ ಅಲೆಯುವ ಅಗತ್ಯ ಕಾಣದೆ ಬಿಳಿ ಕಾಗದವನ್ನೇ ಬಳಸಿದೆ. ಆಗಿನ್ನೂ ಅರಳುತ್ತಿದ್ದ ಒಂದು ಕೊಡೆಯನ್ನು ಆರು ತಾಸು ಕವುಚಿಟ್ಟೆ. ಕಾಗದವನ್ನು ಇದರೊಡನೆ ಇರಿಸಿದ್ದೇನೆ. ಬಣ್ಣವಿಲ್ಲ, ಅಂದರೆ ಪುಡಿ ಬಿಳಿ.

ಅಗೆದಿಲ್ಲ. ಆ ಪಾತಿಗೆ ಗುದ್ದಲಿ ಹಾಕಲಾರೆ. ಮುತ್ತು ಮಣ್ಣು ತುಂಬಿ ಅಂಗೈಯಲ್ಲಿ ತಟ್ಟಿ ಸಮ ಮಾಡಿದ್ದು ಹೇಗಿತ್ತೋ ಹಾಗೆಯೇ ಇದೆ. ಬದನೆ ಸಸಿ ನೆಡುವಾಗಲೂ ಬೆರಳಿನಿಂದ ತೂತು ಮಾಡಿದ್ದೇನೆ.

ಅಗೆಯುವ ಅಗತ್ಯವೂ ಇಲ್ಲ. ಕಾಂಪೌಂಡಿನ ಮೂಲೆಯಲ್ಲಿ ಹುತ್ತವಿದೆ. ನಿನ್ನ ಅತ್ತೆ ಬದುಕಿದ್ದಾಗ ಪಂಚಮಿಗೆ ಹಾಲೆರೆಯುತ್ತಿದ್ದುದು ಅದಕ್ಕೇ. ಪಾತಿಯಿಂದ ಅದು ಹದಿನಾಲ್ಕು ಅಡಿ. ಗೆದ್ದಲು ನೆಲದೊಳಗೆ ಅಷ್ಟು ದೂರ ಹಬ್ಬುವುದಿಲ್ಲವೆಂದು ಯಾರೂ ಸಾಧಿಸಲಾರರು. ಹುಟ್ಟಿದಾಗಿನಿಂದ ಅಣಬೆ ತಿಂದು ಬೆಳೆದ ಹೆಂಗಸಿನ ಸಾಕ್ಷ್ಯ ನಮ್ಮೆದುರಿಗಿದೆ. ಪುಡಿಯ ಬಣ್ಣ ಅದಕ್ಕೆ ವಿರುದ್ಧವಾಗಿಲ್ಲ. ತುಮಕೂರಿನ ಕಾಲೇಜಿನಲ್ಲಿ ಮೂರು ವರ್ಷ ಸತತ ಚರ್ಚಾಸ್ಪರ್ಧೆಯ ಫಲಕ ಗೆದ್ದದ್ದು ಇಷ್ಟಕ್ಕಿಂತ ಕಡಿಮೆ ಆಧಾರಗಳ ಮೇಲೆ.

ಇಂದು ಬೆಳಿಗ್ಗೆ ನನ್ನ ಅಭಿಪ್ರಾಯವನ್ನು ಮಲಕವ್ವನಿಗೆ ತಿಳಿಸಿದ್ದೇನೆ. ಶುಕ್ರವಾರದ ಮಳೆಗೆ ಇನ್ನೊಂದು ಗುಂಪು ಎದ್ದಿದೆ. ನಾಳೆ ಭಾನುವಾರ ಕೆಲಸಕ್ಕೆ ರಜೆ, ಅಡುಗೆ ಮಾಡುತ್ತಾಳಂತೆ. “ನೋಡು, ಓದಿದೋರೂ ಹೌದಂದ್ರು,” ಎಂದು ಗಂಡನನ್ನು ಹಂಗಿಸುತ್ತ ಬುಟ್ಟಿ ತಂದಳು. ಈ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಇತಿ,
ಹನುಮಂತಯ್ಯ


ಬ್ರೂಕ್‌ಫೀಲ್ಡ್
30 ಜುಲೈ 2024

ಮಾವನವರಿಗೆ,

ನಿಮ್ಮ ಪತ್ರ ಇವತ್ತು ಮಧ್ಯಾಹ್ನ ಬಂತು. ಒಡೆದವಳೇ ಆರು ಸಲ ಫೋನ್ ಮಾಡಿದೆ. ರಿಂಗ್ ಆಗುತ್ತಿದೆ, ಯಾರೂ ಎತ್ತುತ್ತಿಲ್ಲ. ನಿಮ್ಮ ಬಾಡಿಗೆದಾರರ ನಂಬರ್ ನನ್ನ ಹತ್ತಿರ ಇಲ್ಲ. ಪಕ್ಕದ ಮನೆಯ ಚಿಕ್ಕಮುನಿಯಮ್ಮನಿಗೆ ಮಾಡಿದರೆ, “ಅವ್ರೆಲ್ಲಾ ಆಸ್ಪತ್ರೇಲವ್ರೆ ಕಣಮ್ಮ, ಯಾವ್ದು ಅಂತ ಗೊತ್ತಿಲ್ಲ” ಅಂದರು. ಬರುತ್ತೇನೆ ಎಂದು ಚಪ್ಪಲಿ ಹಾಕಿದೆ. ಎಲ್ಲಿಗೆ ಹೋಗಲಿ ಎಂದು ತಿಳಿಯದೆ ವಾಪಸ್ಸು ಕೂತು ಇದನ್ನು ಬರೆಯುತ್ತಿದ್ದೇನೆ.

ನೀವು ಕಳಿಸಿದ ಕಾಗದ ಬಿಳಿಯಲ್ಲ, ಖಾಲಿ. ಲೆನ್ಸಿನಲ್ಲಿ ನೋಡಿದೆ. ಒಂದು ಕಣವೂ ಬಿದ್ದಿಲ್ಲ. ಕೊಡೆ ಅರಳಿರಲಿಲ್ಲ, ಹೊತ್ತೂ ಸಾಲಲಿಲ್ಲ. ಕಪ್ಪು ಕಾಗದ ಕೇಳಿದ್ದು ಅದಕ್ಕೇ. ಏನೂ ಹೇಳದ ಕಾಗದವನ್ನು ನೀವು ನಿಮ್ಮ ಪರವಾಗಿ ಓದಿಕೊಂಡಿರಿ.

ನಿಮ್ಮ ಮಗ ತೀರಿಕೊಂಡ ದಿನ ಬೆಳಿಗ್ಗೆ ಅವರೂ ಏನೂ ಹೇಳಲಿಲ್ಲ ಮಾವ. ನೀವು ಮಾತನಾಡುವಾಗ ಅವರು ಯಾವತ್ತೂ ಎದುರು ಹೇಳಿದವರಲ್ಲ. ಅದನ್ನೂ ನೀವು ನೋವಿಲ್ಲ ಎಂದೇ ಓದಿದಿರಿ.

ಫೋನ್ ಎತ್ತಿ.

ಮಂಜುಶ್ರೀ


ಮಾದನಾಯಕನಹಳ್ಳಿ
4 ಆಗಸ್ಟ್ 2024

ಮಂಜುಶ್ರೀಗೆ,

ಬುಧವಾರ ಫೋನಿನಲ್ಲಿ ‘ಇಬ್ಬರೂ ಬದುಕಿದ್ದಾರೆ’ ಎಂಬ ಒಂದು ವಾಕ್ಯಕ್ಕಿಂತ ಹೆಚ್ಚು ಹೇಳಲು ನನ್ನಿಂದಾಗಲಿಲ್ಲ. ಉಳಿದದ್ದನ್ನು ಬರೆಯುತ್ತೇನೆ.

ಭಾನುವಾರ ಹನ್ನೆರಡೂವರೆಗೆ ಮಲಕವ್ವ ನನಗೊಂದು ಬಟ್ಟಲು ಪಲ್ಯ, ಎರಡು ರೊಟ್ಟಿ ತಂದುಕೊಟ್ಟಳು. ಆಮೇಲೆ ತಿನ್ನುತ್ತೇನೆಂದು ಮುಚ್ಚಿಟ್ಟೆ. ಹಸಿವಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಹಸಿವಿತ್ತು. ನನ್ನ ತೀರ್ಪಿನಲ್ಲಿ ನನಗೆಷ್ಟು ನಂಬಿಕೆಯಿತ್ತು ಎಂಬುದಕ್ಕೆ ಆ ಬಟ್ಟಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಎರಡು ಗಂಟೆ ದಾಟಿದ ಮೇಲೆ ಹಿತ್ತಲಲ್ಲಿ ವಾಂತಿಯ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮಲಕವ್ವ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ಯಂಕಪ್ಪ ಗೋಡೆ ಹಿಡಿದು ನಿಂತು, ಮುಖವೆಲ್ಲ ಬೆವರಾಗಿ, ಹೀಗೆಂದ:

“ಏನಿಲ್ರಿ ಸಾಹುಕಾರ್ರ, ಗ್ಯಾಸ್ ಆಗ್ಯಾದ. ಓಮಿನಕಾಳಿನ ನೀರು ಕುಡದ್ರ ಇಳೀತದ. ದವಾಖಾನಿ ಏನ್ ಬ್ಯಾಡ.”

ಮಂಜುಶ್ರೀ, ಆ ಮಾತು ನನ್ನದು. ಎರಡು ವರ್ಷದ ಕೆಳಗೆ, ನವೆಂಬರ್ ಒಂಬತ್ತರ ಬೆಳಿಗ್ಗೆ, ಮುತ್ತು ಎದೆ ಉರಿಯುತ್ತದೆಂದು ಮಂಚದ ಅಂಚಿನಲ್ಲಿ ಕುಳಿತಿದ್ದಾಗ, ನೀನು ಆಸ್ಪತ್ರೆಗೆ ಹೋಗೋಣವೆಂದು ಚೀಲ ಹಿಡಿದು ನಿಂತಿದ್ದಾಗ, ನಾನು ಆಡಿದ್ದು ಅದೇ ಮಾತು, ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಮೂವತ್ತಾರು ವಯಸ್ಸಿನವನಿಗೆ ಹೃದಯದ ತೊಂದರೆ ಬರುವುದಿಲ್ಲ ಎಂದೆ. ಹಿಂದಿನ ದಿನ ಬಜ್ಜಿ ತಿಂದದ್ದನ್ನು ನೆನಪಿಸಿದೆ. ಆಸ್ಪತ್ರೆಗಳು ಆರೋಗ್ಯವಂತರನ್ನೂ ಹಿಡಿದು ಮಲಗಿಸುತ್ತವೆ ಎಂದೆ. ನೀನು ಚೀಲವನ್ನು ಕೆಳಗಿಟ್ಟೆ. ಅದನ್ನು ನಾನು ಗೆಲುವೆಂದು ಎಣಿಸಿದೆ. ಹನ್ನೊಂದು ಗಂಟೆಗೆ ಜಾಲಹಳ್ಳಿ ಕ್ರಾಸಿನ ಸಿಗ್ನಲಿನಲ್ಲಿ, ಆಟೋದೊಳಗೆ, ಅವನ ತಲೆ ನಿನ್ನ ಹೆಗಲ ಮೇಲಿತ್ತು.

ಯಂಕಪ್ಪನ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಕೊಡಲು ಹೋಗಿದ್ದರೆ ಅಲ್ಲಿಯೂ ವಾದ ಬೆಳೆಯುತ್ತಿತ್ತು, ಹೊತ್ತು ಹೋಗುತ್ತಿತ್ತು. ಅವನ ತೋಳು ಹಿಡಿದು ಎಳೆದುಕೊಂಡು ಹೋಗಿ ಆಟೋದಲ್ಲಿ ಕೂರಿಸಿದೆ. ಮಲಕವ್ವನನ್ನು ಚಿಕ್ಕಮುನಿಯಮ್ಮ ಆಟೋದವರೆಗೆ ಎತ್ತಿ ತಂದಳು. ತುಮಕೂರು ರಸ್ತೆಯ ಒಂದು ಆಸ್ಪತ್ರೆ. ಆತುರದಲ್ಲಿ ಫೋನ್ ಮನೆಯಲ್ಲೇ ಉಳಿಯಿತು. ಬಟ್ಟಲನ್ನು ಮಾತ್ರ ಮರೆಯದೆ ಒಯ್ದಿದ್ದೆ. ಮೂರು ದಿನ ಅಲ್ಲೇ ಇದ್ದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬಟ್ಟಲನ್ನು ನೋಡಿ, “ಇದನ್ನ ತಿನ್ಬೋದು ಅಂತ ಯಾರು ಸಾರ್ ಹೇಳಿದ್ದು?” ಎಂದು ಕೇಳಿದಳು.

“ನಾನು,” ಎಂದೆ.

“ನಿಮಗೆ ಇದರ ಬಗ್ಗೆ ಗೊತ್ತಾ?”

“ಗೊತ್ತಿಲ್ಲ.”

ಅರವತ್ತೇಳು ವರ್ಷದಲ್ಲಿ ಆ ಪದವನ್ನು ಇನ್ನೊಬ್ಬರ ಎದುರಿಗೆ ಎಷ್ಟು ಸಲ ಆಡಿದ್ದೇನೆಂದು ಆ ಬೆಂಚಿನ ಮೇಲೆ ಕುಳಿತು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದೆ. ಒಂದೂ ನೆನಪಾಗಲಿಲ್ಲ.

ಬುಧವಾರ ಇಬ್ಬರನ್ನೂ ಮನೆಗೆ ಕಳಿಸಿದರು. ಆಟೋದಲ್ಲಿ ಬರುತ್ತ ಮಲಕವ್ವ ನನ್ನನ್ನು ಬೈಯಲಿಲ್ಲ. “ನಾನೇ ಹುತ್ತಿಂದು ಅಂದಿದ್ದು ಅಲ್ರಿ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ನೀನೂ ಅಂದು ಬೈಯಲಿಲ್ಲ.

ನನಗೆ ಬಹಳ ಆಯಾಸವಾಗಿದೆ. ನಿಲ್ಲಿಸುತ್ತೇನೆ.

ಹನುಮಂತಯ್ಯ


ಬ್ರೂಕ್‌ಫೀಲ್ಡ್
16 ಆಗಸ್ಟ್ 2024

ಮಾವನವರಿಗೆ ನಮಸ್ಕಾರ.

ಒಂದು ವಾರದಲ್ಲಿ ನಾಲ್ಕು ಪತ್ರ ಬರೆದು ಹರಿದೆ. ಇದು ಐದನೆಯದು.

ಪೂರ್ತಿ ನಿಮ್ಮ ತಪ್ಪು ಎಂದು ಬರೆದುಬಿಡಬಹುದಿತ್ತು. ಈ ಇಪ್ಪತ್ತು ತಿಂಗಳು ಹಾಗೇ ಅಂದುಕೊಂಡು ನಿದ್ದೆ ಮಾಡಿದ್ದೇನೆ. ಆದರೆ ಅವತ್ತು ಫೋನ್ ನನ್ನ ಕೈಯಲ್ಲಿತ್ತು. ಆಂಬುಲೆನ್ಸಿಗೆ ನಿಮ್ಮ ಅಪ್ಪಣೆ ಬೇಕಿರಲಿಲ್ಲ. ಮಾವನ ಮಾತು ಮೀರಿದಳು ಎನಿಸಿಕೊಳ್ಳಬಾರದು ಎಂದು ಚೀಲ ಕೆಳಗಿಟ್ಟವಳು ನಾನು. ಆ ಭಾಗ ನಿಮ್ಮದಲ್ಲ. ಅದನ್ನೂ ನೀವು ನಿಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ, ನನಗೆ ಬೇಕು.

ಮಲಕವ್ವನವರಿಗೆ ಎಳನೀರು ಕೊಡಿ, ಒಂದು ವಾರ ಬಿಸಿಲಿನ ಕೆಲಸ ಬೇಡ.

ನೀವು ಇನ್ನೂ ಅಗೆದಿಲ್ಲ. ಅಗೆಯಿರಿ. ಅಣಬೆ ಎಂದು ನಾವು ಕರೆಯುವುದು ಬರೀ ಕಾಯಿ. ಅಸಲು ಜೀವ ಕೆಳಗೆ ಇರುತ್ತದೆ, ಬಿಳಿ ನೂಲಿನ ಹಾಗೆ. ಅದು ಏನನ್ನು ತಿಂದು ಬೆಳೆಯುತ್ತಿದೆ ಎಂದು ನೋಡದೆ ಮೇಲಿನದನ್ನು ಎಷ್ಟು ಕಿತ್ತರೂ ಮತ್ತೆ ಬರುತ್ತದೆ. ಆ ಪಾತಿಯ ಕೆಳಗೆ ಏನಿದೆ ಎಂದು ನನಗೆ ಗೊತ್ತು. ನೀವು ನೋಡಿ.

ಮಂಜುಶ್ರೀ


ಮಾದನಾಯಕನಹಳ್ಳಿ
6 ಅಕ್ಟೋಬರ್ 2024

ಮಂಜುಶ್ರೀಗೆ,

ಏಳು ವಾರ ಉತ್ತರಿಸಲಿಲ್ಲ. ಗುದ್ದಲಿಯನ್ನು ಪಾತಿಯ ಬಳಿಗೆ ಒಯ್ದು ಮರಳಿ ತಂದದ್ದು ಐದೋ ಆರೋ ಸಲ. ಬದನೆ ಮುಗಿಯಿತು, ಗಿಡ ಒಣಗಿತು. ಕಳೆದ ವಾರದ ಮಳೆಗೆ ಕೊಡೆಗಳು ಮತ್ತೆ ಎದ್ದವು.

ಇಂದು ಬೆಳಿಗ್ಗೆ ಮಲಕವ್ವ ಬಂದು ನಿಂತಳು. “ಸಾಹುಕಾರ್ರ, ನಾ ಅಗೀಲೇನ್ರಿ?”

“ಬೇಡ. ನಾನು ಅಗೆಯುತ್ತೇನೆ.”

“ಹಂಗಾರ ಅಗೀರಿ. ಗುದ್ದಲಿ ಹಿಡಕೊಂಡು ದಿನಾ ಪೂಜಿ ಮಾಡೂದು ನೋಡಿ ನೋಡಿ ನಮಗೂ ಸಾಕಾತು.”

ಯಂಕಪ್ಪ ಅವಳನ್ನು ಗದರಿದ. ನನಗೆ ನಗು ಬಂತು, ನಂತರ ಅಗೆದೆ.

ಅಣಬೆಗೆ ಬಾಲವಿರಲಿಲ್ಲ. ಬುಡ ಗೆಡ್ಡೆಯಂತೆ ಉಬ್ಬಿ ಅಲ್ಲಿಗೇ ಮುಗಿಯಿತು. ಗೆದ್ದಲ ಗೂಡೂ ಇರಲಿಲ್ಲ. ಒಂದೂವರೆ ಅಡಿ ಕೆಳಗೆ ಗುದ್ದಲಿಗೆ ಮರ ತಗುಲಿತು. ಮಣ್ಣನ್ನು ಕೈಯಿಂದ ಸರಿಸಿದೆ. ಪಾತಿಯ ಉದ್ದಕ್ಕೂ ಹಲಗೆಗಳನ್ನು ಹಾಸಿದ್ದೀರಿ. ಮುತ್ತು ಕಾರ್ಖಾನೆಯ ಸ್ಟೋರಿನಿಂದ ತರುತ್ತಿದ್ದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಗಳು. ನೀರು ಹಿಡಿದಿಟ್ಟುಕೊಳ್ಳಲೆಂದು ಇರಬೇಕು. ಈಗ ಹಿಂಡಿದರೆ ಸ್ಪಂಜಿನಂತೆ ನೀರು ಬರುತ್ತದೆ. ನೀನು ಹೇಳಿದ ಬಿಳಿ ನೂಲು ಅವುಗಳ ಎಳೆಎಳೆಯಲ್ಲೂ ಹಾಯ್ದಿದೆ. ಮರ ಎಲ್ಲಿ ಮುಗಿದು ಅದು ಎಲ್ಲಿ ಆರಂಭವಾಗುತ್ತದೆ ಎಂದು ವರ್ನಿಯರ್ ಹಿಡಿದು ಹೇಳಲಾಗದು.

ಒಂದು ಹಲಗೆಯ ಮೇಲೆ ‘ಈ ಬದಿ ಮೇಲೆ’ ಎಂಬ ಬಾಣದ ಗುರುತು ಇನ್ನೂ ಕಾಣುತ್ತದೆ. ಬಾಣ ನೆಲದ ಕಡೆಗೆ ತಿರುಗಿದೆ. ನೀವು ಇದನ್ನು ಹೂಳುವಾಗ ನಾನು ಮನೆಯಲ್ಲೇ ಇದ್ದಿರಬೇಕು. ನನಗೇಕೆ ಹೇಳಲಿಲ್ಲವೆಂದು ಕೇಳುವುದಿಲ್ಲ. ಹೇಳಿದ್ದರೆ ಪೈನ್ ಮರ ಗೆದ್ದಲು ತರುತ್ತದೆಂದು ಒಂದು ತಾಸು ಮಾತನಾಡಿರುತ್ತಿದ್ದೆ, ನೀವು ಕೈಬಿಟ್ಟಿರುತ್ತಿದ್ದಿರಿ.

ಇನ್ನೊಂದು ಹಲಗೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಳತೆ ಬರೆದಿದೆ: 4 ಅಡಿ 4 ಇಂಚು. ಅದು ಮುತ್ತುವಿನ ಕೈಬರಹ ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾಲ್ಕರ ತಲೆ ಕೂಡದೆ ತೆರೆದುಕೊಂಡಿದೆ. ಆ ತುಂಡನ್ನು ಒರೆಸಿ ಒಳಗೆ ತಂದು ಅವನ ಫೋಟೋದ ಕೆಳಗೆ ಇಟ್ಟಿದ್ದೇನೆ.

ಅರಳಿದ ಕೊಡೆಯೊಂದನ್ನು ನಿನ್ನೆಯೇ ಅರ್ಧ ಕಪ್ಪು, ಅರ್ಧ ಬಿಳಿ ಕಾಗದದ ಮೇಲೆ ಇಟ್ಟಿದ್ದೆ, ಪೂರ್ತಿ ಒಂದು ದಿನ. ಕಾಗದ ಇದರೊಡನೆ ಇದೆ. ಅದರ ಬಣ್ಣ ಯಾವುದೆಂದು ನಾನು ಬರೆಯುವುದಿಲ್ಲ.

ಉಳಿದ ಹಲಗೆಗಳನ್ನು ಕಿತ್ತು ಎಸೆಯಬೇಕೋ ಅಲ್ಲಿಯೇ ಬಿಡಬೇಕೋ ನನಗೆ ಗೊತ್ತಿಲ್ಲ. ಮಲಕವ್ವ ಅಲ್ಲಿ ಪುಂಡಿ ಪಲ್ಯವೆಂಬ ಸೊಪ್ಪಿನ ಬೀಜ ಹಾಕಬೇಕೆಂದಿದ್ದಾಳೆ. ಅದನ್ನು ತಿನ್ನಬಹುದೋ ಬಾರದೋ, ಅದೂ ನನಗೆ ಗೊತ್ತಿಲ್ಲ. ಚರ್ಚಾಸ್ಪರ್ಧೆಯಲ್ಲಿ ವಿಷಯ ಮಂಡಿಸಿದವನಿಗೆ ಕಡೆಯಲ್ಲಿ ಉತ್ತರ ಕೊಡುವ ಹಕ್ಕು ಇರುತ್ತದೆ. ಈ ವಿಷಯದಲ್ಲಿ ಆ ಹಕ್ಕನ್ನು ಬಿಟ್ಟಿದ್ದೇನೆ. ನೀನು ಹೇಳಿದಂತೆ ಮಾಡುತ್ತೇನೆ.

ಹನುಮಂತಯ್ಯ


ಬ್ರೂಕ್‌ಫೀಲ್ಡ್
14 ಅಕ್ಟೋಬರ್ 2024

ಮಾವನವರಿಗೆ ನಮಸ್ಕಾರ.

ಕಾಗದ ಚೆನ್ನಾಗಿ ಬಂದಿದೆ. ಪುಡಿ ಹಸಿರು, ಬಿಳಿಯ ಭಾಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕೊಡೆ ದೊಡ್ಡದು, ಬಳೆ ಸರಿಯುತ್ತದೆ, ಬಾಲ ಇಲ್ಲ, ಪುಡಿ ಹಸಿರು. ಇದು ವಿಷದ್ದು. ಎಳೆಯದಾಗಿದ್ದಾಗ ಪದರಗಳೂ ಬೆಳ್ಳಗಿರುತ್ತವೆ, ಅದಕ್ಕೇ ಎಲ್ಲರೂ ಮೋಸ ಹೋಗುತ್ತಾರೆ. ಮಲಕವ್ವ ಮೋಸ ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ಅವರಿಗೆ ಹೇಳಿ.

ಹಲಗೆ ಕೀಳಬೇಡಿ. ಮೇಲೆ ಮಣ್ಣು ಮುಚ್ಚಿ. ಇನ್ನೆರಡು ಮೂರು ಮಳೆಗಾಲಕ್ಕೆ ಮರ ಪೂರ್ತಿ ಮಣ್ಣಾಗುತ್ತದೆ, ಆಮೇಲೆ ಇದು ತಾನಾಗಿ ನಿಲ್ಲಬಹುದು. ಅಲ್ಲಿಯವರೆಗೂ ಮಳೆ ಬಂದ ಮರುದಿನ ಬೆಳಿಗ್ಗೆ ಯಾರಾದರೂ ಹೋಗಿ, ಅರಳುವ ಮೊದಲೇ ಕಿತ್ತು ಹಾಕಬೇಕು. ತಪ್ಪದೆ. ಪುಂಡಿ ಹಾಕಬಹುದು, ಸೊಪ್ಪನ್ನು ಚೆನ್ನಾಗಿ ತೊಳೆದು ತಿನ್ನಬಹುದು. ಅಣಬೆಯ ವಿಷ ಗಿಡಕ್ಕೆ ಹತ್ತುವುದಿಲ್ಲ.

27ನೇ ತಾರೀಖು ಭಾನುವಾರ ಬರುತ್ತೇನೆ. ಮಧ್ಯಾಹ್ನ ವಾಪಸ್ಸು ಹೊರಡುತ್ತೇನೆ. ಮೆಟ್ರೋ ಸ್ಟೇಷನ್ನಿಗೆ ಬಂದು ಕಾಯಬೇಡಿ, ದಾರಿ ಗೊತ್ತು. ಮಲಕವ್ವನವರಿಗೆ ಅಡುಗೆ ಮಾಡಬೇಡಿ ಎನ್ನಿ, ನಾನೇ ಏನಾದರೂ ತರುತ್ತೇನೆ.

ಒಂದು ವಿಷಯ. ಹಲಗೆಯ ಮೇಲಿನ ಅಳತೆ ಅವರ ಕೈಬರಹ ಅಲ್ಲ, ನನ್ನದು. ನಾಲ್ಕನ್ನು ತಲೆ ತೆರೆದು ಬರೆಯುವವಳು ನಾನು. ಅವರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಬೇಕಾದರೆ ಈ ಪತ್ರದ ತಾರೀಖು ನೋಡಿ.

ಮಂಜುಶ್ರೀ


ಮಾದನಾಯಕನಹಳ್ಳಿ
21 ಅಕ್ಟೋಬರ್ 2024

ಚಿ. ಮಂಜುಶ್ರೀಗೆ,

ನೋಡಿದೆ. ನಿನ್ನದೇ.

ಹಲಗೆಯನ್ನು ಫೋಟೋದ ಕೆಳಗಿನಿಂದ ತೆಗೆದಿಲ್ಲ.

ಹನುಮಂತಯ್ಯ